ಪಡೆದವನ ಹೆಸರು

ಕಪಿಲೆಯ ದಂಡೆಯ ಮೇಲಿರುವ ಸುತ್ತೂರಿಗೆ ಪುಷ್ಯ ಬಹುಳದ ಜಾತ್ರೆಯ ದಿನಗಳಲ್ಲಿ ನಂಜನಗೂಡು, ತಿರುಮಕೂಡಲು ನರಸೀಪುರ, ಚಾಮರಾಜನಗರಗಳ ಕಡೆಯಿಂದ ಬಂದು ನೆರೆಯುವ ಜನಸ್ತೋಮಕ್ಕೆಲ್ಲ ಮಠದ ದಾಸೋಹದಲ್ಲಿ ಊಟ ದೊರೆಯುತ್ತದೆ. ಪಂಕ್ತಿಯಲ್ಲಿ ಕುಳಿತವನು ಯಾವ ಊರಿನವನು, ಯಾವ ಕುಲದವನು, ನಿನ್ನೆಯೂ ಬಂದು ಉಂಡಿದ್ದನೆ ಎಂಬ ವಿಚಾರಣೆ ಅಲ್ಲಿಲ್ಲ. 

ಈ ಸೀಮೆಯಲ್ಲಿ ದಾನದ ಚರಿತ್ರೆಯನ್ನು ಅರಸುವವನಿಗೆ ಆಧಾರಗಳ ಕೊರತೆಯಿಲ್ಲ. ಬಿ. ಎಲ್. ರೈಸ್ ಅವರು 1894ರಲ್ಲಿ ಹೊರತಂದ ಎಪಿಗ್ರಾಫಿಯಾ ಕರ್ನಾಟಿಕದ ಮೂರನೆಯ ಸಂಪುಟದಲ್ಲಿ ನಂಜನಗೂಡು, ತಿರುಮಕೂಡಲು ನರಸೀಪುರ ತಾಲ್ಲೂಕುಗಳ ಶಾಸನಗಳು ಸಂಗ್ರಹಗೊಂಡಿವೆ. ದಾನಶಾಸನಗಳ ಕ್ರಮವೇ ಒಂದು: ಆಳುತ್ತಿದ್ದ ಅರಸನ ಬಿರುದಾವಳಿ, ಕೊಟ್ಟವನ ಹೆಸರು, ಕೊಟ್ಟ ಭೂಮಿಯ ಪ್ರಮಾಣ, ನಾಲ್ಕು ದಿಕ್ಕಿನ ಎಲ್ಲೆಕಲ್ಲುಗಳು, ಸಾಕ್ಷಿಗಳು, ಕಡೆಗೆ ದತ್ತಿಯನ್ನು ಅಳಿದವನಿಗೆ ಶಾಪ. ಭೂಮಿಯನ್ನು ಪಡೆದ ದೇವಾಲಯದ, ಮಠದ, ವಿದ್ವಾಂಸನ ಹೆಸರೂ ಅಲ್ಲಿರುವುದುಂಟು, ಏಕೆಂದರೆ ಅದು ವಂಶಪಾರಂಪರ್ಯವಾಗಿ ಸಾಗತಕ್ಕ ಹಕ್ಕು. ಆದರೆ ಆ ಭೂಮಿಯ ಉತ್ಪತ್ತಿಯಿಂದ ಸತ್ರದಲ್ಲಿ ಉಂಡವನ, ಅರವಟ್ಟಿಗೆಯ ನೆರಳಿನಲ್ಲಿ ನೀರು ಕುಡಿದು ದಾರಿ ಹಿಡಿದವನ ಹೆಸರನ್ನು ಕಲ್ಲಿನಲ್ಲಿ ಕಂಡರಿಸುವ ಪದ್ಧತಿ ಇರಲಿಲ್ಲ. ಪಡೆದವನ ಅನಾಮಿಕತೆ ನಮ್ಮ ದಾನಪದ್ಧತಿಯ ಒಂದು ದೊಡ್ಡ ಗುಣವೆಂದು ನಾನು ಭಾವಿಸುತ್ತೇನೆ. ಇತ್ತೀಚಿನ ಹದಿನೈದು ವರ್ಷಗಳಲ್ಲಿ ಹುಟ್ಟಿ, ಬೆಳೆದು, ಕೆಟ್ಟ ಒಂದು ಹೊಸ ದಾನಪದ್ಧತಿಯನ್ನು ಇದೇ ಗುಣವನ್ನು ಮುಂದಿಟ್ಟುಕೊಂಡು ಅಳೆಯಬೇಕೆಂದು ನನಗೆ ತೋರುತ್ತದೆ.

2010ರ ಜೂನ್ ತಿಂಗಳಲ್ಲಿ ಗೇವಿನ್ ಆಂಡ್ರೆಸನ್ ಎಂಬ ತಂತ್ರಾಂಶಜ್ಞನು ಬಿಟ್‌ಕಾಯಿನ್ ಫಾಸೆಟ್, ಅಂದರೆ ಬಿಟ್‌ಕಾಯಿನ್ನಿನ ನಲ್ಲಿ, ಎಂಬ ಜಾಲತಾಣವೊಂದನ್ನು ತೆರೆದು, ತನ್ನದೇ 1,100 ಬಿಟ್‌ಕಾಯಿನ್‌ಗಳನ್ನು ಅದರಲ್ಲಿಟ್ಟು, ಬಂದವರಿಗೆ ತಲಾ 5ರಂತೆ ಕೊಡತೊಡಗಿದನು. ಅದಕ್ಕೆ ಒಂದು ತಿಂಗಳ ಹಿಂದಷ್ಟೆ ಫ್ಲಾರಿಡಾದಲ್ಲಿ ಎರಡು ಪಿಜ್ಜಾಗಳಿಗಾಗಿ 10,000 ಬಿಟ್‌ಕಾಯಿನ್‌ಗಳು ಸಂದಿದ್ದವು. ಆಂಡ್ರೆಸನ್ನನು ತಾನೇ 10,000 ನಾಣ್ಯಗಳನ್ನು 50 ಡಾಲರಿಗೆ ಕೊಂಡಿದ್ದನು. ಹೊಸ ನಾಣ್ಯವನ್ನು ಜನ ಕೈಯಲ್ಲಿ ಹಿಡಿದು ನೋಡಲಿ ಎಂಬುದೇ ಅವನ ಉದ್ದೇಶವಾಗಿತ್ತು. ಬಂದವನು ತಾನು ಯಂತ್ರವಲ್ಲವೆಂದು ತೋರಿಸಲು ಒಂದು ಕ್ಯಾಪ್ಚಾ ಬಿಡಿಸಿ, ತನ್ನ ವ್ಯಾಲೆಟ್ಟಿನ ವಿಳಾಸವನ್ನು ಬರೆದರೆ ತೀರಿತು. ನಮ್ಮ ಅರವಟ್ಟಿಗೆಯ ಧರ್ಮಕ್ಕೆ ಇದು ಬಹಳ ಸಮೀಪದ ಕಾರ್ಯವೆಂದು ಒಪ್ಪಲೇಬೇಕು.

ನಾಣ್ಯದ ಬೆಲೆ ಏರಿದಂತೆ 5 ಎಂಬುದು ಕ್ರಮೇಣ ಕ್ಷೀಣಿಸಿತು. ತರುವಾಯ ಬಂದ ತಾಣಗಳು ಕೊಟ್ಟದ್ದು ಸತೋಶಿಗಳನ್ನು, ಅಂದರೆ ಒಂದು ಬಿಟ್‌ಕಾಯಿನ್ನಿನ ಹತ್ತು ಕೋಟಿಯಲ್ಲೊಂದು ಭಾಗಗಳನ್ನು. ಕೊಡುವವನ ಖರ್ಚು ಜಾಹೀರಾತಿನಿಂದ ಹುಟ್ಟತೊಡಗಿದ ಕ್ಷಣದಿಂದಲೇ ದಾನ ವ್ಯಾಪಾರವಾಯಿತು. ಕಾಲೇಜಿಗೆ ಹೋಗುವ ಹುಡುಗನೊಬ್ಬ ಬಸ್ಸಿಗೆ ಕಾಯುತ್ತ ಮೊಬೈಲಿನಲ್ಲಿ ಅಂಥ ತಾಣವನ್ನು ತೆರೆದನೆನ್ನಿ: ಮೇಲೆ ಹಿಮ್ಮುಖವಾಗಿ ಓಡುವ ಗಡಿಯಾರ, ನಡುವೆ ಟ್ರಾಫಿಕ್ ದೀಪಗಳಿರುವ ಚಿತ್ರಗಳನ್ನು ಆರಿಸೆಂಬ ಕ್ಯಾಪ್ಚಾ, ಸುತ್ತಲೂ ಒಂದರಂತೆಯೇ ಕಾಣುವ ನಾಲ್ಕಾರು ಬಟನ್ನುಗಳು, ಅವುಗಳಲ್ಲಿ ನಿಜವಾದದ್ದು ಒಂದೇ, ಉಳಿದವು ಒತ್ತಿದೊಡನೆ ಬೇರೆ ಪುಟಕ್ಕೆ ಎಳೆದೊಯ್ಯುವ ಜಾಹೀರಾತುಗಳು, ಎಲ್ಲವನ್ನೂ ದಾಟಿದ ಮೇಲೆ ಖಾತೆಯಲ್ಲಿ ಮೂಡುವುದು 0.00000012 ಎಂಬ ಅಂಕಿ. ಇಂತಿಷ್ಟು ಸೇರುವವರೆಗೆ ಅದನ್ನು ಹೊರತೆಗೆಯುವಂತಿಲ್ಲ. ಅಷ್ಟರೊಳಗೆ ಆತನ ಇಮೇಲ್, ಕೆಲವೆಡೆ ಫೋನ್ ನಂಬರು, ಬಳಸುವ ಯಂತ್ರದ ಗುರುತು ಇವೆಲ್ಲ ತಾಣದವರ ಪಾಲಾಗಿರುತ್ತವೆ.

ಇದಕ್ಕಿಂತ ಗಹನವಾದ ವಿಷಯವೊಂದುಂಟು. ಬಿಟ್‌ಕಾಯಿನ್ನಿನ ಲೆಕ್ಕ ಎಲ್ಲರೂ ಓದಬಹುದಾದ, ಯಾರೂ ಅಳಿಸಲಾಗದ ಲೆಕ್ಕ. ಕೊಟ್ಟ ವಿಳಾಸವೂ ಪಡೆದ ವಿಳಾಸವೂ ಅದರಲ್ಲಿ ಶಾಶ್ವತವಾಗಿ ನಿಲ್ಲುತ್ತವೆ. ವಿಳಾಸದಲ್ಲಿ ಹೆಸರಿಲ್ಲವೆಂಬುದು ನಿಜ. ಆದರೆ ತಾಣದವರ ಬಳಿಯಿರುವ ಇಮೇಲು ಆ ವಿಳಾಸದೊಡನೆ ಒಮ್ಮೆ ಜೋಡಣೆಗೊಂಡಿತೆಂದರೆ, ಅದೇ ವಿಳಾಸದಿಂದ ಮುಂದೆ ನಡೆಸಿದ, ಹಿಂದೆ ನಡೆಸಿದ ಸಕಲ ವ್ಯವಹಾರವೂ ಕಂಡವರ ಕಣ್ಣಿಗೆ ತೆರೆದುಕೊಳ್ಳುತ್ತದೆ. ಆದಕಾರಣ ಹೊಸಬನು ಫಾಸೆಟ್ಟಿಗೆಂದೇ ಪ್ರತ್ಯೇಕವಾದ ವ್ಯಾಲೆಟ್ಟನ್ನೂ ಪ್ರತ್ಯೇಕವಾದ ಇಮೇಲನ್ನೂ ಇಟ್ಟುಕೊಂಡು, ಉಳಿತಾಯದ ಹಣವಿರುವ ವ್ಯಾಲೆಟ್ಟಿನ ಹತ್ತಿರಕ್ಕೆ ಅದನ್ನು ಸುಳಿಯಗೊಡಬಾರದು.

ಮೋಸವೆಂದೇ ಹುಟ್ಟಿದ ತಾಣಗಳ ಲಕ್ಷಣ ಗುರುತಿಸಲು ಕಷ್ಟವಿಲ್ಲ. ವ್ಯಾಲೆಟ್ಟನ್ನು ಮರಳಿ ಪಡೆಯಲು ಇರುವ 12 ಅಥವಾ 24 ಪದಗಳ ಸರಣಿಯನ್ನು ಕೇಳುವವನು, ನೆವ ಯಾವುದೇ ಇರಲಿ, ಕಳ್ಳನೇ. ನಾಣ್ಯ ಸ್ವೀಕರಿಸಲು ವಿಳಾಸವೊಂದು ಸಾಕು. ಹಣ ಬಿಡಿಸಿಕೊಳ್ಳಲು ಮೊದಲು ನೀನು ಹಣ ಕಟ್ಟೆಂದು ಹೇಳುವವನೂ ಅದೇ ಜಾತಿಯವನು. ಇನ್ನು ಕೆಲವರು ಓದುಗನ ಅರಿವಿಗೆ ಬಾರದಂತೆ ಅವನ ಯಂತ್ರವನ್ನೇ ದುಡಿಸಿಕೊಂಡರು: 2017ರಲ್ಲಿ ಆರಂಭವಾಗಿ 2019ರ ಮಾರ್ಚಿನಲ್ಲಿ ಮುಚ್ಚಿದ ಕಾಯಿನ್‌ಹೈವ್ ಎಂಬ ತಂತ್ರಾಂಶ, ಪುಟ ತೆರೆದವರ ಕಂಪ್ಯೂಟರಿನಲ್ಲಿ ಮೊನೆರೊ ನಾಣ್ಯವನ್ನು ಗಣಿಗಾರಿಕೆ ಮಾಡುತ್ತಿತ್ತು. ಹಣ ಕಳೆದುಕೊಂಡವನು ತಡಮಾಡದೆ ಸೈಬರ್ ಅಪರಾಧ ಸಹಾಯವಾಣಿ 1930ಕ್ಕೆ ಕರೆ ಮಾಡತಕ್ಕದ್ದು.

ಒಬ್ಬನ ವಿವರ ಅವನದೇ ಎಂಬ ತತ್ತ್ವಕ್ಕೆ ಈ ದೇಶದಲ್ಲಿ ಸಂವಿಧಾನದ ಬಲ ದೊರೆತದ್ದು ಕನ್ನಡ ನಾಡಿನ ಹಿರಿಯರೊಬ್ಬರಿಂದ. ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ. ಎಸ್. ಪುಟ್ಟಸ್ವಾಮಿಯವರು 2012ರಲ್ಲಿ ಆಧಾರ್ ವಿಷಯವಾಗಿ ಹೂಡಿದ ಮೊಕದ್ದಮೆಯಲ್ಲಿ, 2017ರ ಆಗಸ್ಟ್ 24ರಂದು ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಾಧೀಶರ ಪೀಠ ಖಾಸಗಿತನವನ್ನು ಮೂಲಭೂತ ಹಕ್ಕೆಂದು ಸಾರಿತು. ನಾಣ್ಯದ ವಿಷಯದಲ್ಲಾದರೆ, ರಿಸರ್ವ್ ಬ್ಯಾಂಕು 2018ರ ಏಪ್ರಿಲಿನಲ್ಲಿ ಹೇರಿದ ನಿರ್ಬಂಧವನ್ನು ಅದೇ ನ್ಯಾಯಾಲಯ 2020ರ ಮಾರ್ಚ್ 4ರಂದು ತೆಗೆದುಹಾಕಿತು. 2022ರ ಏಪ್ರಿಲಿನಿಂದ ಇಂಥ ಆಸ್ತಿಯ ಮಾರಾಟದ ಲಾಭದ ಮೇಲೆ ಶೇಕಡಾ 30ರ ತೆರಿಗೆಯಿದೆ. ಆದರೆ ಎಲ್ಲಿಯೋ ಇರುವ ಅನಾಮಧೇಯ ತಾಣವೊಂದಕ್ಕೆ ತಾನಾಗಿ ಒಪ್ಪಿಸಿಬಿಟ್ಟ ವಿವರವನ್ನು ಮರಳಿ ತರಲು ನ್ಯಾಯಾಲಯದ ಕೈ ಅಷ್ಟು ಸುಲಭವಾಗಿ ಚಾಚುವುದಿಲ್ಲ.

ಆಂಡ್ರೆಸನ್ನನ ಮೊದಲಿನ ಉದ್ದೇಶ ಇಂದಿಗೂ ಉಳಿದಿರುವುದು ಟೆಸ್ಟ್‌ನೆಟ್ ಫಾಸೆಟ್ಟುಗಳಲ್ಲಿ. ಪೇಟೆಯಲ್ಲಿ ಬೆಲೆಯಿಲ್ಲದ ಪರೀಕ್ಷಾ ನಾಣ್ಯಗಳನ್ನು ಅವು ವಿದ್ಯಾರ್ಥಿಗಳಿಗೂ ತಂತ್ರಾಂಶ ಬರೆಯುವವರಿಗೂ ಕೊಡುತ್ತವೆ. ಕಲಿಯಬಯಸುವ ಹೊಸಬನಿಗೆ ನಾನು ತೋರುವ ದಾರಿ ಇದೊಂದೇ. ಅಲ್ಲಿಯೂ ದುರಾಸೆ ನುಗ್ಗದೆ ಇರಲಿಲ್ಲ. ಇಥೀರಿಯಮ್ ಎಂಬ ಮತ್ತೊಂದು ನಾಣ್ಯವ್ಯವಸ್ಥೆಯ ಗೋರ್ಲಿ ಎಂಬ ಪರೀಕ್ಷಾ ಜಾಲದ ನಾಣ್ಯಗಳನ್ನು ಕೆಲವರು ರಾಶಿಹಾಕಿಕೊಂಡು 2023ರ ವೇಳೆಗೆ ಹಣಕ್ಕೆ ಮಾರತೊಡಗಿದರು. ಆ ಜಾಲವನ್ನು ಕೈಬಿಟ್ಟು ಸೆಪೋಲಿಯಾ ಎಂಬುದಕ್ಕೆ ಹೋಗಬೇಕಾಯಿತು. ಮೊದಲು ಬರಿಯ ವಿಳಾಸಕ್ಕೆ ನಾಣ್ಯ ಹಾಕುತ್ತಿದ್ದ ಎಷ್ಟೋ ಫಾಸೆಟ್ಟುಗಳು ಈಗ ಲಾಗಿನ್ ಕೇಳುತ್ತವೆ.