ಮಂಚದ ಹೊದಿಕೆಯಿಂದ ಬಾಟಲಿಯ ನೂಲಿನವರೆಗೆ: ಡಾಲ್ಟನ್ ಎಂಬ ಕಾರ್ಪೆಟ್ ಊರಿನ ಕಥೆ

ನೀರು ಕುಡಿದು ಎಸೆದ ಪ್ಲಾಸ್ಟಿಕ್ ಬಾಟಲಿ ಗುಜರಿಯವರ ಚೀಲ ಸೇರುವುದನ್ನು ನಾವೆಲ್ಲ ದಿನವೂ ನೋಡುತ್ತೇವೆ. ಅಲ್ಲಿಂದ ಮುಂದೆ ಅದು ಎಲ್ಲಿಗೆ ಹೋಗುತ್ತದೆ ಎಂದು ಕೇಳುವವರು ಕಡಿಮೆ. ಅದರಲ್ಲಿ ದೊಡ್ಡ ಪಾಲು ಮತ್ತೆ ಬಾಟಲಿಯಾಗುವುದಿಲ್ಲ, ನೂಲಾಗುತ್ತದೆ. ಬಾಟಲಿಯ ಪೆಟ್ ಪ್ಲಾಸ್ಟಿಕ್ ಮತ್ತು ಟೆರಿಕಾಟ್ ಅಂಗಿಯಲ್ಲಿ ಹತ್ತಿಯ ಜೊತೆ ಸೇರಿರುವ ಪಾಲಿಯೆಸ್ಟರ್, ಎರಡೂ ಮೂಲತಃ ಒಂದೇ ವಸ್ತು. ಆ ನೂಲು ನೆಲಹಾಸಾದ ಕಥೆ ಹುಡುಕಿಕೊಂಡು ಹೊರಟರೆ ನಾವು ತಲುಪುವುದು ಅಮೆರಿಕದ ಜಾರ್ಜಿಯಾ ರಾಜ್ಯದ ಡಾಲ್ಟನ್ ಎಂಬ ಊರಿಗೆ. ಅಲ್ಲಿ ಕಥೆ ಶುರುವಾಗುವುದು ಕಾರ್ಖಾನೆಯಿಂದಲ್ಲ, ಹಳ್ಳಿಮನೆಯ ಒಬ್ಬ ಹುಡುಗಿಯಿಂದ.

ಕ್ಯಾಥರೀನ್ ಇವಾನ್ಸ್ 1895ರಲ್ಲಿ, ತನ್ನ ಹದಿನೈದನೇ ವಯಸ್ಸಿನಲ್ಲಿ, ಮದುವೆಯ ಉಡುಗೊರೆಗೆಂದು ಒಂದು ಮಂಚದ ಹೊದಿಕೆ ಮಾಡಿದಳು. ಬಿಳಿ ಬಟ್ಟೆಗೆ ದಪ್ಪ ಹತ್ತಿ ನೂಲು ಪೋಣಿಸಿ, ಮೇಲೆ ಬಂದ ಎಳೆಗಳನ್ನು ಕತ್ತರಿಸಿ, ಬಿಸಿನೀರಲ್ಲಿ ಅದ್ದಿದಾಗ ಬಟ್ಟೆ ಕುಗ್ಗಿ ನೂಲನ್ನು ಬಿಗಿಯಾಗಿ ಹಿಡಿದುಕೊಳ್ಳುತ್ತಿತ್ತು. 1900ರಲ್ಲಿ ಆಕೆ ಮೊದಲ ಹೊದಿಕೆಯನ್ನು ಎರಡೂವರೆ ಡಾಲರಿಗೆ ಮಾರಿದಳು. ಬೇಡಿಕೆ ಹೆಚ್ಚಿದಂತೆ ನೆರೆಹೊರೆಯ ಹೆಂಗಸರಿಗೂ ಕಲಿಸಿದಳು. ಗುರುತು ಹಾಕಿದ ಬಟ್ಟೆಯನ್ನೂ ನೂಲನ್ನೂ ಮನೆಮನೆಗೆ ಹಂಚಿ, ಹೊಲಿದಾದ ಮೇಲೆ ಒಯ್ಯುವ ಮಧ್ಯವರ್ತಿಗಳು ಹುಟ್ಟಿಕೊಂಡರು. ನಮ್ಮ ಕಡೆ ಬೀಡಿ ಕಟ್ಟುವ ಮನೆಗಳಲ್ಲಿ ನಡೆದ ಹಾಗೆ ಕೂಲಿ ಲೆಕ್ಕ ಅಲ್ಲೂ ತುಂಡಿಗಿಷ್ಟು ಎಂದೇ ಇತ್ತು. 41ನೇ ಹೆದ್ದಾರಿಯ ಬದಿಯಲ್ಲಿ ನವಿಲಿನ ಚಿತ್ರದ ಹೊದಿಕೆಗಳನ್ನು ಹಗ್ಗಕ್ಕೆ ತೂಗುಹಾಕಿ ಮಾರುತ್ತಿದ್ದರಿಂದ ಆ ದಾರಿಗೆ ನವಿಲಿನ ಓಣಿ ಎಂಬ ಹೆಸರೇ ಬಿತ್ತು.

1930ರ ದಶಕದಲ್ಲಿ ಅಮೆರಿಕದಲ್ಲಿ ಕನಿಷ್ಠ ಕೂಲಿಯ ನಿಯಮಗಳು ಬಂದವು. ತುಂಡಿನ ಲೆಕ್ಕದಲ್ಲಿ ಅಗ್ಗಕ್ಕೆ ಕೆಲಸ ಮಾಡಿಸುವುದು ಕಷ್ಟವಾದಾಗ ಮಾಲೀಕರು ಯಂತ್ರದತ್ತ ತಿರುಗಿದರು. ಹೊಲಿಗೆ ಯಂತ್ರವನ್ನೇ ಮಾರ್ಪಡಿಸಿ, ಮೊದಲು ಒಂದು ಸೂಜಿ, ಆಮೇಲೆ ಹಲವು, 1950ರ ಹೊತ್ತಿಗೆ ಕೋಣೆಯಗಲದ ಬಟ್ಟೆಗೆ ಸಾಲಾಗಿ ಚುಚ್ಚುವ ನೂರಾರು ಸೂಜಿಗಳ ಯಂತ್ರ ಬಂತು. ಹೊದಿಕೆಯ ಕಸುಬು ಹೀಗೆ ನೆಲಹಾಸಿನ ಉದ್ಯಮವಾಯಿತು. 1950ರಲ್ಲಿ ಅಮೆರಿಕದ ಕಾರ್ಪೆಟ್‌ಗಳಲ್ಲಿ ಶೇ. 10ರಷ್ಟು ಮಾತ್ರ ಈ ಬಗೆಯವು, ಉಳಿದವು ಮಗ್ಗದವು. ಕೆಲವೇ ವರ್ಷಗಳಲ್ಲಿ ಲೆಕ್ಕ ತಿರುಗುಮುರುಗಾಯಿತು. ಕಾರ್ಪೆಟ್‌ನ ಬೆನ್ನಿಗೆ ಆಗ ಹಾಕುತ್ತಿದ್ದುದು ಬಂಗಾಳದ ಕಡೆಯ ಸೆಣಬು. ಮುಂದೆ ಆ ಜಾಗಕ್ಕೆ ಪಾಲಿಪ್ರೊಪಿಲೀನ್ ಬಂತು.

ಹತ್ತಿ ನೂಲು ಕಾಲ್ತುಳಿತಕ್ಕೆ ತಾಳಲಿಲ್ಲ, ಉಣ್ಣೆ ದುಬಾರಿ. ಆ ಜಾಗ ಹಿಡಿದದ್ದು ನೈಲಾನ್. ಪಾಲಿಯೆಸ್ಟರ್ ಹುಟ್ಟಿದ್ದು ಬೇರೆ ಕಡೆ. ನೈಲಾನ್ ಕಂಡುಹಿಡಿದ ವ್ಯಾಲೇಸ್ ಕ್ಯಾರದರ್ಸ್ ಮೊದಲು ಪಾಲಿಯೆಸ್ಟರ್‌ಗಳ ಮೇಲೇ ಕೆಲಸ ಮಾಡಿದ್ದರು. ಅವು ಬೇಗ ಕರಗುತ್ತಿದ್ದ ಕಾರಣ ಕೈಬಿಟ್ಟರು. ಇಂಗ್ಲೆಂಡಿನ ಬಟ್ಟೆ ಅಚ್ಚಿನ ಸಂಸ್ಥೆಯೊಂದರ ಪ್ರಯೋಗಾಲಯದಲ್ಲಿದ್ದ ಜಾನ್ ವಿನ್‌ಫೀಲ್ಡ್ ಮತ್ತು ಜೇಮ್ಸ್ ಡಿಕ್ಸನ್ 1941ರಲ್ಲಿ ಟೆರಿಫ್ತಾಲಿಕ್ ಆಮ್ಲವನ್ನು ಎಥಿಲೀನ್ ಗ್ಲೈಕಾಲ್ ಜೊತೆ ಸೇರಿಸಿದರು. ಆ ಆಮ್ಲದ ಅಣುವಿನಲ್ಲಿರುವ ಉಂಗುರ ಸರಪಳಿಗೆ ಗಟ್ಟಿತನ ಕೊಟ್ಟಿತು, ಕರಗುವ ಬಿಸಿ ಸುಮಾರು 260 ಡಿಗ್ರಿ ಸೆಲ್ಸಿಯಸ್‌ಗೆ ಏರಿತು. ಇಸ್ತ್ರಿಗೆ ತಾಳುವ ನೂಲು ಸಿಕ್ಕಿತು. ಟೆರಿಲಿನ್ ಎಂಬ ಹೆಸರು ನಮ್ಮ ಅಜ್ಜಂದಿರ ಬಾಯಿಗೂ ಬಂದದ್ದು ಹೀಗೆ.

ಕಾರ್ಪೆಟ್‌ಗೆ ಪಾಲಿಯೆಸ್ಟರ್ ಬಂದದ್ದು 1965ರಲ್ಲಿ. ತಯಾರಿಕೆ ಕೇಳಲು ಸರಳ. ಪಾಲಿಯೆಸ್ಟರ್ ಹರಳುಗಳನ್ನು ಚೆನ್ನಾಗಿ ಒಣಗಿಸಬೇಕು. ತೇವ ಉಳಿದರೆ ಕರಗಿಸುವಾಗ ಸರಪಳಿ ತುಂಡಾಗಿ ನೂಲು ಬಲ ಕಳೆದುಕೊಳ್ಳುತ್ತದೆ. ಕರಗಿದ ಪಾಕವನ್ನು ಸಣ್ಣ ತೂತುಗಳ ತಟ್ಟೆಯ ಮೂಲಕ, ನಾವು ಶ್ಯಾವಿಗೆ ಒತ್ತುವ ಹಾಗೆ, ಒತ್ತುತ್ತಾರೆ. ಇಳಿದ ಎಳೆಗಳನ್ನು ಗಾಳಿಯಲ್ಲಿ ತಣಿಸಿ, ಎಳೆದು ಉದ್ದ ಮಾಡಿ, ಬಿಸಿಗಾಳಿಯಲ್ಲಿ ಗುಂಗುರು ಮಾಡುತ್ತಾರೆ. ಎರಡು ಎಳೆ ಹುರಿಗೊಳಿಸಿ, ಆ ಹುರಿ ಬಿಚ್ಚದಂತೆ ಮತ್ತೆ ಬಿಸಿ ಕೊಡುತ್ತಾರೆ. ಆದರೂ ನೈಲಾನ್‌ಗಿರುವ ಪುಟಿತನ ಇದಕ್ಕಿರಲಿಲ್ಲ. ಜನ ಓಡಾಡುವ ಜಾಗದಲ್ಲಿ ಬೇಗ ಚಪ್ಪಟೆಯಾಗುತ್ತಿತ್ತು. ಹಾಗಾಗಿ ದಶಕಗಳ ಕಾಲ ಅದು ಅಗ್ಗದ ಸರಕಾಗಿಯೇ ಉಳಿಯಿತು.

ಪಾಲಿಯೆಸ್ಟರ್‌ಗೆ ಒಂದು ಹುಟ್ಟುಗುಣವಿತ್ತು. ಚಹಾ, ಹಣ್ಣಿನ ರಸದ ಕಲೆ ಅದಕ್ಕೆ ಸುಲಭವಾಗಿ ಹಿಡಿಯುವುದಿಲ್ಲ. ನೈಲಾನ್‌ಗೆ ಹಿಡಿಯುತ್ತದೆ. ನೈಲಾನ್ ಕಾರ್ಪೆಟ್‌ಗೆ ಕಲೆ, ಕೊಳೆ ತಾಗದಿರಲಿ ಎಂದು ಬಳಸಿದ ಲೇಪನಗಳಲ್ಲಿ ಫ್ಲೋರಿನ್ ಇರುವ, ಮಣ್ಣಲ್ಲೂ ನೀರಲ್ಲೂ ಕರಗಿ ಮುಗಿಯದ ರಾಸಾಯನಿಕಗಳಿದ್ದವು. ಅವು ಡಾಲ್ಟನ್ ಬಳಿಯ ಕೊನಸಾಗಾ ನದಿ ಸೇರಿದವು. ಕೆಳಹರಿವಿನ ರೋಮ್ ಎಂಬ ನಗರ ತನ್ನ ಕುಡಿಯುವ ನೀರಿಗಾಗಿ ಕಾರ್ಪೆಟ್ ಉದ್ಯಮದ ಮೇಲೆ ಕೋರ್ಟಿಗೆ ಹೋಯಿತು. ಉದ್ಯೋಗ ಕೊಟ್ಟ ಕಾರ್ಖಾನೆಯನ್ನು ಪ್ರಶ್ನಿಸುವುದು ಯಾವ ಊರಿಗೂ ಸುಲಭವಲ್ಲ. ನದಿ ಪಾತ್ರದ ಊರುಗಳಿಂದ ವರದಿ ಮಾಡುವ ನಮಗೆ ಇದು ಗೊತ್ತಿರುವ ಸಂಕಟ.

1973ರಲ್ಲಿ ನಥಾನಿಯಲ್ ವೈತ್ ಪೆಟ್ ಬಾಟಲಿಗೆ ಪೇಟೆಂಟ್ ಪಡೆದರು. ಬಾಟಲಿಗಳ ರಾಶಿ ಬೆಳೆದಂತೆ ಅದನ್ನು ಚೂರು ಮಾಡಿ, ತೊಳೆದು, ಕರಗಿಸಿ ಕಾರ್ಪೆಟ್ ನೂಲು ತೆಗೆಯುವ ಕಾರ್ಖಾನೆಗಳು ಜಾರ್ಜಿಯಾದಲ್ಲೇ ತಲೆಯೆತ್ತಿದವು. ಗುಂಗುರು ಮಾಡುವ, ಹುರಿಗೊಳಿಸುವ ತಂತ್ರ ಸುಧಾರಿಸಿತು. ಬೆಲೆಯೂ ಕಡಿಮೆಯಿದ್ದುದರಿಂದ 2010ರ ದಶಕದಲ್ಲಿ ಅಮೆರಿಕದ ಮನೆಗಳ ಕಾರ್ಪೆಟ್‌ನಲ್ಲಿ ಪಾಲಿಯೆಸ್ಟರ್ ನೈಲಾನ್ ಅನ್ನು ಹಿಂದಿಕ್ಕಿತು. ಈಗ ಆ ಯಂತ್ರಗಳ ಮುಂದೆ ನಿಂತವರಲ್ಲಿ ಮೆಕ್ಸಿಕೊದಿಂದ ದುಡಿಯಲು ಬಂದವರು, ಅವರ ಮಕ್ಕಳು ಬಹಳ.

ಆದರೆ ಒಂದು ಮಾತು. ಬಾಟಲಿ ಕಾರ್ಪೆಟ್ ಆಗುತ್ತದೆ, ಕಾರ್ಪೆಟ್ ಮತ್ತೆ ಕಾರ್ಪೆಟ್ ಆಗುವುದು ಅಪರೂಪ. ನೂಲು, ಬೆನ್ನಿನ ಬಟ್ಟೆ, ಅಂಟು, ಸುಣ್ಣಕಲ್ಲಿನ ಪುಡಿ ಎಲ್ಲ ಒಂದಕ್ಕೊಂದು ಅಂಟಿಕೊಂಡಿರುತ್ತವೆ. ಬಿಡಿಸುವ ಖರ್ಚು ಹೊಸ ನೂಲಿಗಿಂತ ಹೆಚ್ಚು. ಹಳೆಯ ಕಾರ್ಪೆಟ್‌ಗಳಲ್ಲಿ ಬಹುಪಾಲು ಕಸದ ಗುಂಡಿಗೇ ಹೋಗುತ್ತವೆ. ಹಾಗಾಗಿ ಬಾಟಲಿಯಿಂದ ಮಾಡಿದ್ದು ಎಂಬ ಚೀಟಿ ಕಂಡಾಗ ನಾವು ಕೇಳಬೇಕಾದ್ದು ಅದು ಎಲ್ಲಿಂದ ಬಂತು ಎಂಬುದನ್ನಷ್ಟೇ ಅಲ್ಲ. ಹರಿದ ಮೇಲೆ ಯಾರ ಊರಿನ ಹೊರವಲಯಕ್ಕೆ ಹೋಗುತ್ತದೆ ಎಂಬುದನ್ನೂ ಕೇಳಬೇಕು.