ನ್ಯಾಯ ಆಡುವ ದೇವರು

ಬಸ್ಸಿನಲ್ಲಿ ಹಿಂದಿನ ಸೀಟಿನಿಂದ ಒಂದು ಮಾತು ಕಿವಿಗೆ ಬಿತ್ತು: "ಅವರಪ್ಪ ಎಷ್ಟು ಜನರ ಜಮೀನು ನುಂಗಿದ! ಈಗ ಮಗ ಹಾಸಿಗೆ ಹಿಡಿದಿದಾನೆ. ದೇವರ ನ್ಯಾಯ ಅಂದ್ರೆ ಇದು." ಆ ದನಿಯಲ್ಲಿದ್ದ ತೃಪ್ತಿ ನನ್ನನ್ನು ಇಂದಿಗೂ ಕಾಡುತ್ತಿದೆ. ಈಚೆಗೆ 'ನ್ಯಾಯ' ಎಂದರೆ ಶಿಕ್ಷೆ ಎಂದೇ ಆಗಿಬಿಟ್ಟಿದೆ. ಟಿ.ವಿ.ಯಲ್ಲಿ 'ನ್ಯಾಯ ಬೇಕು' ಎಂದು ಕೂಗಿದರೆ ಯಾರನ್ನೋ ಗಲ್ಲಿಗೆ ಹಾಕಿ ಎಂದರ್ಥ. 'ನ್ಯಾಯ ಸಿಕ್ಕಿತು' ಎಂದರೆ ಯಾರಿಗೋ ಕೇಡಾಯಿತು ಎಂದರ್ಥ. ಅಷ್ಟು ದೊಡ್ಡ ಮಾತನ್ನು ಇಷ್ಟು ಸಣ್ಣದು ಮಾಡಿಟ್ಟೆವಲ್ಲ!

ಸಂಸ್ಕೃತದ ಧಾತು, ತರ್ಕಶಾಸ್ತ್ರದ ನ್ಯಾಯದರ್ಶನ ಇವೆಲ್ಲ ಪುಸ್ತಕಗಳಲ್ಲಿ ಸಿಗುತ್ತವೆ, ಅತ್ತ ಹೋಗುವುದಿಲ್ಲ. ನನಗೆ ಬೇಕಾದದ್ದು ಹಳೇ ಮೈಸೂರು ಕಡೆಯ ಹಳ್ಳಿಯ ನ್ಯಾಯ. ಅಲ್ಲಿ ನ್ಯಾಯ ಎಂದರೆ ಜಗಳ. "ಅತ್ತೆ ಸೊಸೆ ಬೆಳಗ್ಗಿಂದ ನ್ಯಾಯ ಆಡ್ತಾವ್ರೆ", "ಸುಮ್ಕೆ ನ್ಯಾಯ ತೆಗೀಬ್ಯಾಡ" ಎನ್ನುತ್ತಾರೆ. ಜಗಳಕ್ಕೂ ಅದನ್ನು ಬಗೆಹರಿಸುವ ತೀರ್ಮಾನಕ್ಕೂ ಒಂದೇ ಹೆಸರು. ಓದಿದವರು ಇದನ್ನು ತಪ್ಪು ಬಳಕೆ ಎಂದು ತಿದ್ದಹೋಗುತ್ತಾರೆ. ನನಗಂತೂ ಇದೇ ಮಾತಿನ ಜೀವ ಅನ್ನಿಸುತ್ತದೆ. ಸಂಬಂಧ ಹರಿದುಕೊಂಡವರ ಜತೆ ಯಾರೂ ನ್ಯಾಯ ಆಡುವುದಿಲ್ಲ, ಮಾತು ಬಿಟ್ಟುಬಿಡುತ್ತಾರೆ. ನ್ಯಾಯ ಆಡುವುದು ಬಿಟ್ಟು ಇರಲಾರದವರ ಜತೆ.

ಈ ವಾದಕ್ಕೆ ನನ್ನ ದೊಡ್ಡ ಸಾಕ್ಷಿ ಬೈಬಲಿನ ಹೀಬ್ರೂ ಪ್ರವಾದಿಗಳು. ಅವರ ಭಾಷೆಯಲ್ಲಿ 'ರೀವ್' ಎಂಬ ಮಾತಿದೆ. ಬೀದಿಯ ಜಗಳವೂ ರೀವ್, ಊರಬಾಗಿಲಲ್ಲಿ ಹಿರಿಯರ ಮುಂದೆ ಹೂಡುವ ವ್ಯಾಜ್ಯವೂ ರೀವ್. ನಮ್ಮ ಅರಳಿಕಟ್ಟೆಯ ಹಾಗೆ ಅವರಿಗೆ ಊರಬಾಗಿಲು. ಮೀಕನ ಪುಸ್ತಕದ 6ನೇ ಅಧ್ಯಾಯದಲ್ಲಿ ದೇವರೇ ತನ್ನ ಜನರ ಮೇಲೆ ರೀವ್ ಹೂಡುತ್ತಾನೆ, ಬೆಟ್ಟಗುಡ್ಡಗಳನ್ನು ಸಾಕ್ಷಿಗೆ ಕರೆಯುತ್ತಾನೆ. ಕರೆದ ಮೇಲೆ ತೀರ್ಪು ಓದುತ್ತಾನೆಯೇ? ಇಲ್ಲ. ತನ್ನಿಂದ ನಿಮಗೆ ಏನು ತೊಂದರೆಯಾಯಿತು ಹೇಳಿ ಎಂದು ನೊಂದವನ ಹಾಗೆ ಕೇಳುತ್ತಾನೆ.

ಈ ಜಗಳದಲ್ಲಿ ಎದುರು ಮಾತಿಗೂ ಜಾಗವಿದೆ. ಕ್ರಿ.ಪೂ. 8ನೇ ಶತಮಾನದ ಆಮೋಸ ತೆಕೋವದ ಕುರಿಗಾಹಿ. ಒಂದು ಜೊತೆ ಕೆರಕ್ಕಾಗಿ ಬಡವರನ್ನು ಮಾರುವ ಇಸ್ರೇಲಿನ ಸಿರಿವಂತರನ್ನು ಅವನಷ್ಟು ಕಟುವಾಗಿ ಬೈದವರು ಕಡಿಮೆ. ಅಂಥವನು, ಮಿಡತೆಯ ಹಿಂಡನ್ನೂ ಬೆಂಕಿಯನ್ನೂ ದರ್ಶನದಲ್ಲಿ ಕಂಡಾಗ, ಅದೇ ಜನರ ಪರ ನಿಂತು ಬೇಡುತ್ತಾನೆ. ಎರಡು ಸಲವೂ ದೇವರು ಮನಸ್ಸು ಬದಲಿಸುತ್ತಾನೆ. ಮೂರನೆಯ ದರ್ಶನದಲ್ಲಿ ಆಮೋಸ ಬೇಡುವುದಿಲ್ಲ, ದೇವರು ಬಿಡುವುದಿಲ್ಲ. ಕ್ರಿ.ಪೂ. 722ರ ಸುಮಾರಿಗೆ ಇಸ್ರೇಲಿನ ರಾಜಧಾನಿ ಸಮಾರ್ಯ ಅಸ್ಸೀರಿಯದವರ ಕೈಗೆ ಬಿತ್ತು. ಕರುಣೆಯ ಮಾತನ್ನಷ್ಟೇ ಆರಿಸಿಕೊಂಡು ಪ್ರವಾದಿಗಳನ್ನು ಮೆದು ಮಾಡುವವರು ಈ ಮೂರನೆಯದನ್ನು ಮರೆಯಬಾರದು.

ಬಸ್ಸಿನ ಮಾತು ನನ್ನನ್ನು ಎಳೆದುಕೊಂಡು ಹೋದದ್ದು ಮಾತ್ರ ಒಂದು ಗಾದೆಯ ಕಡೆಗೆ. ಅಪ್ಪಂದಿರು ಹುಳಿ ದ್ರಾಕ್ಷಿ ತಿಂದರು, ಜುಮ್ಮೆಂದದ್ದು ಮಕ್ಕಳ ಹಲ್ಲು. ಹೀಗೊಂದು ಗಾದೆ ಅಂದಿನ ಯೆಹೂದ್ಯರ ಬಾಯಲ್ಲಿತ್ತು. ಯೆರೆಮೀಯನೂ ಅದನ್ನು ಪ್ರಸ್ತಾಪಿಸುತ್ತಾನೆ, ಯೆಹೆಜ್ಕೇಲನೂ ಪ್ರಸ್ತಾಪಿಸುತ್ತಾನೆ, ಇಬ್ಬರೂ ಅದನ್ನು ಇನ್ನು ಆಡಬಾರದು ಎನ್ನುತ್ತಾರೆ. ಯಾಜಕರ ವಂಶದ ಯೆಹೆಜ್ಕೇಲ ಕ್ರಿ.ಪೂ. 597ರಲ್ಲಿ ಬ್ಯಾಬಿಲೋನಿಗೆ ಸೆರೆ ಹೋದವರಲ್ಲಿ ಒಬ್ಬ, ಕೆಬಾರ್ ಕಾಲುವೆಯ ಬಳಿ ಇದ್ದವನು. ಊರು ಮನೆ ಕಳೆದುಕೊಂಡವರಿಗೆ ಆ ಗಾದೆ ಒಂದು ಸಮಾಧಾನವೂ ಆಗಿತ್ತು: ತಪ್ಪು ಹಿರಿಯರದು, ನಾವೇನು ಮಾಡಲಾದೀತು? ಅವನು ಆ ಸಮಾಧಾನವನ್ನು ಕಿತ್ತುಕೊಳ್ಳುತ್ತಾನೆ. 18ನೇ ಅಧ್ಯಾಯದಲ್ಲಿ ಮೂರು ತಲೆಮಾರನ್ನು ಮುಂದೆ ನಿಲ್ಲಿಸುತ್ತಾನೆ. ಅಜ್ಜ ಒತ್ತೆ ಹಿಂದಿರುಗಿಸಿದವನು, ಬಡ್ಡಿ ತಿನ್ನದವನು, ಹಸಿದವರಿಗೆ ಅನ್ನವಿಟ್ಟವನು. ಮಗ ಸುಲಿಗೆಕೋರ, ಕೊಲೆಗಾರ. ಮೊಮ್ಮಗ ಅಪ್ಪನ ಕೃತ್ಯಗಳನ್ನೆಲ್ಲ ಕಣ್ಣಾರೆ ಕಂಡು ಆ ದಾರಿ ಹಿಡಿಯದವನು. ಅಜ್ಜನ ಪುಣ್ಯ ಮಗನನ್ನು ಉಳಿಸದು, ಅಪ್ಪನ ಪಾಪ ಮೊಮ್ಮಗನಿಗೆ ತಗಲದು.

ಇಷ್ಟಕ್ಕೇ ನಿಂತಿದ್ದರೆ ನಮ್ಮ 'ಮಾಡಿದ್ದುಣ್ಣೋ ಮಹಾರಾಯ' ಸಾಕಾಗಿತ್ತು. ಯೆಹೆಜ್ಕೇಲ ಇನ್ನೂ ಒಂದು ಹೆಜ್ಜೆ ಮುಂದೆ ಹೋಗುತ್ತಾನೆ. ಮಾಡಿದವನೇ ತಿರುಗಿ ಬಂದರೆ ಅವನು ಮಾಡಿದ್ದೂ ಲೆಕ್ಕಕ್ಕಿಲ್ಲ. ಕೆಟ್ಟವನ ಸಾವಿನಲ್ಲಿ ದೇವರಿಗೆ ಸಂತೋಷವಿಲ್ಲ. ಇದನ್ನು ಕೇಳಿದ ಜನ, ದೇವರ ಈ ರೀತಿ ಸರಿಯಲ್ಲ ಎಂದು ತಕರಾರು ತೆಗೆಯುತ್ತಾರೆ. ಸರಿಯಿಲ್ಲದ್ದು ನಿಮ್ಮ ರೀತಿ ಎಂದು ದೇವರೂ ಬಿಡದೆ ಉತ್ತರ ಕೊಡುತ್ತಾನೆ. ಇಡೀ ಅಧ್ಯಾಯ ಅಚ್ಚ ಹಳ್ಳಿಯ ಅರ್ಥದಲ್ಲಿ ನ್ಯಾಯ! ತೀರ್ಪೂ ಕರುಣೆಯೂ ಇಲ್ಲಿ ಒಂದೇ ಬಾಯಲ್ಲಿ, ಒಂದೇ ಉಸಿರಿನಲ್ಲಿ ಬರುತ್ತವೆ. ಕರುಣೆ ಆಮೇಲೆ ಕೊಡುವ ರಿಯಾಯಿತಿಯಲ್ಲ, ಜಗಳ ತೆಗೆದದ್ದೇ ಅದು.

ನ್ಯಾಯವೆಂದರೆ ಶಿಕ್ಷೆಯೇ ಎಂದು ನಂಬಿದವರು ಆಗಲೂ ಇದ್ದರು. ಯೋನನ ಕಥೆಯ ಯೋನ ಅಂಥವನು. ಅಸ್ಸೀರಿಯದ ನಿನೆವೆ 40 ದಿನಗಳಲ್ಲಿ ನಾಶವಾಗುತ್ತದೆ ಎಂದು ಸಾರಿದ. ಊರವರು ತಿದ್ದಿಕೊಂಡರು, ಊರು ಉಳಿಯಿತು, ಯೋನನಿಗೆ ಸಾಯುವಷ್ಟು ಕೋಪ ಬಂತು. ದೇವರು ಅವನೊಡನೆಯೂ ನ್ಯಾಯಕ್ಕೆ ಕೂರುತ್ತಾನೆ: ಎಡಬಲ ತಿಳಿಯದ 1,20,000ಕ್ಕೂ ಹೆಚ್ಚು ಮಂದಿ, ಜತೆಗೆ ಅಷ್ಟೊಂದು ದನಕರು, ಇವುಗಳ ಮೇಲೆ ಮರುಕ ಬೇಡವೇ ಎಂದು ಕೇಳುತ್ತಾನೆ. ಪುಸ್ತಕ ಆ ಪ್ರಶ್ನೆಗೇ ಮುಗಿಯುತ್ತದೆ. ವರ್ಷಕ್ಕೊಮ್ಮೆ ಬರುವ ಯೋಮ್ ಕಿಪ್ಪೂರ್ ಉಪವಾಸದ ಮಧ್ಯಾಹ್ನ ಯೆಹೂದ್ಯರು ತಮ್ಮ ಪ್ರಾರ್ಥನಾಮಂದಿರಗಳಲ್ಲಿ ಇದನ್ನು ಇಂದಿಗೂ ಪೂರ್ತಿ ಓದುತ್ತಾರೆ.