ಸಿಕಲ್ ಸೆಲ್ ಜೀನನ್ನು ಗುರುತಿಸುವ ಜೈವಿಕ ಸಂವೇದಕಗಳು: ಯಾವ ಪ್ರಶ್ನೆಗೆ ಉತ್ತರ?

ಸಿಕಲ್ ಸೆಲ್ ರೋಗದ ಮೂಲ ಒಂದೇ ಅಕ್ಷರದ ವ್ಯತ್ಯಾಸ. ಹನ್ನೊಂದನೆಯ ವರ್ಣತಂತುವಿನ ಬೀಟಾ ಗ್ಲೋಬಿನ್ ಜೀನಿನ ಆರನೆಯ ಸಂಕೇತದಲ್ಲಿ ಜಿಎಜಿ ಇರಬೇಕಾದಲ್ಲಿ ಜಿಟಿಜಿ ಬಂದಿರುತ್ತದೆ. ಗ್ಲುಟಾಮಿಕ್ ಆಮ್ಲದ ಜಾಗದಲ್ಲಿ ವ್ಯಾಲೀನ್ ಕೂರುತ್ತದೆ. ಆಮ್ಲಜನಕ ಬಿಟ್ಟುಕೊಟ್ಟೊಡನೆ ಇಂಥ ಹಿಮೋಗ್ಲೋಬಿನ್ ಅಣುಗಳು ಒಂದಕ್ಕೊಂದು ಹೆಣೆದುಕೊಂಡು ಕೆಂಪು ರಕ್ತಕಣವನ್ನು ಕುಡುಗೋಲಿನಂತೆ ಬಾಗಿಸುತ್ತವೆ. ಇದು ಅಣುವಿನ ಮಟ್ಟದ ರೋಗವೆಂದು ಲೈನಸ್ ಪಾಲಿಂಗ್ ಮತ್ತು ಸಂಗಡಿಗರು 1949ರಲ್ಲಿ ತೋರಿಸಿಕೊಟ್ಟರು. ದಕ್ಷಿಣ ಭಾರತದಲ್ಲಿ ಈ ಲಕ್ಷಣ ಇರುವುದನ್ನು 1952ರಲ್ಲಿ ಲೆಹ್ಮನ್ ಮತ್ತು ಕಟ್‌ಬುಷ್ ನೀಲಗಿರಿಯ ಬುಡಕಟ್ಟುಗಳಲ್ಲಿ ಗುರುತಿಸಿದರು. ಬಿಳಿಗಿರಿರಂಗನ ಬೆಟ್ಟದ ಸೋಲಿಗರಲ್ಲೂ ಅದು ಇದೆ. ಹಾಗಾಗಿ ಈ ಜೀನನ್ನು ಗುರುತಿಸುವ ಸಂವೇದಕಗಳ ಚರ್ಚೆ ಕರ್ನಾಟಕಕ್ಕೆ ದೂರದ ಮಾತಲ್ಲ.

ಜೀನ್ ಪತ್ತೆಯ ಹಲವು ವಿಧಾನಗಳು ತಮ್ಮ ಮೊದಲ ಪರೀಕ್ಷೆಯನ್ನು ಎದುರಿಸಿದ್ದು ಈ ಒಂದಕ್ಷರದ ಮುಂದೆಯೇ. 1982ರಲ್ಲಿ ಜೂಡಿ ಚಾಂಗ್ ಮತ್ತು ಯುಯೆಟ್ ವಾಯ್ ಕಾನ್ ಬಳಸಿದ ಕಿಣ್ವ ಸಹಜ ಜೀನನ್ನು ಆ ಜಾಗದಲ್ಲಿ ಕತ್ತರಿಸುತ್ತಿತ್ತು, ಬದಲಾದ ಜೀನನ್ನು ಹಾಗೇ ಬಿಡುತ್ತಿತ್ತು. ಕತ್ತರಿಸದೆ ಉಳಿದದ್ದೇ ರೋಗದ ಗುರುತು. 1985ರಲ್ಲಿ ಪಿಸಿಆರ್ ವಿಧಾನ ಲೋಕಕ್ಕೆ ಪರಿಚಯವಾದದ್ದೂ ಸಿಕಲ್ ಸೆಲ್ ಪತ್ತೆಯ ಮೂಲಕ. ದೆಹಲಿಯ ಸಿಎಸ್‌ಐಆರ್-ಐಜಿಐಬಿಯಲ್ಲಿ ದೇಬೋಜ್ಯೋತಿ ಚಕ್ರವರ್ತಿ ಮತ್ತು ಸೌವಿಕ್ ಮೈತಿ ರೂಪಿಸಿದ, 2020ರಲ್ಲಿ ಕೋವಿಡ್ ಪರೀಕ್ಷೆಯಾಗಿ ಹೆಸರಾದ ‘ಫೆಲುದಾ’ ಕೂಡ ಮೊದಲಿಗೆ ಈ ರೋಗದ ಸುತ್ತಲೇ ಬೆಳೆದದ್ದು.

ಫೆಲುದಾ ಕೆಲಸ ಮಾಡುವ ಬಗೆಯನ್ನು ಹತ್ತಿರದಿಂದ ನೋಡಬೇಕು. ರಕ್ತದ ಡಿಎನ್‌ಎಯನ್ನು ಪಿಸಿಆರ್‌ನಿಂದ ಹೆಚ್ಚಿಸುವಾಗ ಪ್ರತಿಗಳಿಗೆ ಬಯೋಟಿನ್ ಅಂಟಿಸಲಾಗುತ್ತದೆ. ಫ್ರಾನ್ಸಿಸೆಲ್ಲಾ ನೋವಿಸಿಡಾ ಬ್ಯಾಕ್ಟೀರಿಯಾದ ಕ್ಯಾಸ್9 ಪ್ರೋಟೀನು ಬಣ್ಣದ ಗುರುತಿರುವ ಮಾರ್ಗದರ್ಶಿ ಆರ್‌ಎನ್‌ಎ ಹಿಡಿದುಕೊಂಡು ಆ ಪ್ರತಿಗಳನ್ನು ತಡಕುತ್ತದೆ. ಮಾರ್ಗದರ್ಶಿಯ ಆಯಕಟ್ಟಿನ ಜಾಗದಲ್ಲಿ ಅಕ್ಷರ ಹೊಂದದಿದ್ದರೆ ಈ ಪ್ರೋಟೀನು ಕೂರುವುದೇ ಇಲ್ಲ. ಹೊಂದಿದರೆ ಇಡೀ ಜೋಡಿ ಕಾಗದದ ಪಟ್ಟಿಯ ಮೇಲೆ ಹರಿದು ಸ್ಟ್ರೆಪ್ಟಾವಿಡಿನ್ ಗೆರೆಯಲ್ಲಿ ಸಿಕ್ಕಿಕೊಳ್ಳುತ್ತದೆ, ಚಿನ್ನದ ನ್ಯಾನೊಕಣಗಳು ಅಲ್ಲಿ ಸೇರಿ ಗೆರೆ ಮೂಡುತ್ತದೆ. ನಮ್ಮ ಆರೋಗ್ಯ ಕೇಂದ್ರಗಳ ಸಿಬ್ಬಂದಿಗೆ ಇಂಥ ಪಟ್ಟಿ ಓದುವುದು ಹೊಸತಲ್ಲ. ಇದು ಸಣ್ಣ ಸಂಗತಿಯಲ್ಲ.

ಇಂಥ ಉಪಕರಣಗಳನ್ನು ಕುರಿತ ಸಂಶೋಧನೆಗಳಲ್ಲಿ ಎಲ್ಲಕ್ಕಿಂತ ಮೊದಲು ಹೇಳುವ ಅಂಕಿ ಎಂದರೆ ಪತ್ತೆಮಿತಿ, ಎಷ್ಟು ಕಡಿಮೆ ಡಿಎನ್‌ಎ ಇದ್ದರೂ ಸಾಕು ಎಂಬುದು. ವೈರಾಣುವಿಗೆ ಇದು ನಿರ್ಣಾಯಕ, ಆನುವಂಶಿಕ ರೋಗಕ್ಕೆ ಅಲ್ಲ ಎಂಬುದು ನನ್ನ ವಾದ. ಲೆಕ್ಕ ಹಾಕಿ ನೋಡೋಣ. ವಯಸ್ಕರ ಒಂದು ಮೈಕ್ರೋಲೀಟರ್ ರಕ್ತದಲ್ಲಿ ಕಡಿಮೆಯೆಂದರೂ ಸುಮಾರು 5,000 ಬಿಳಿ ರಕ್ತಕಣಗಳೆಂದು ಇಟ್ಟುಕೊಂಡರೆ, 20 ಮೈಕ್ರೋಲೀಟರಿನ ಒಂದು ಹನಿಯಲ್ಲಿ ಒಂದು ಲಕ್ಷ ಕಣಗಳು, ಅಂದರೆ ಬೀಟಾ ಗ್ಲೋಬಿನ್ ಜೀನಿನ ಎರಡು ಲಕ್ಷ ಪ್ರತಿಗಳು. ಸಾಂದ್ರತೆಯಲ್ಲಿ ಇದು ಸುಮಾರು 17 ಫೆಮ್ಟೊಮೋಲಾರ್. ನವಜಾತ ಶಿಶುವಿನ ರಕ್ತದಲ್ಲಿ ಬಿಳಿಕಣಗಳು ಇನ್ನೂ ಹೆಚ್ಚು. ಸಂಶೋಧಕಿ ಕಿಯಾನಾ ಅರಾನ್ ಅವರ ತಂಡ 2019ರಲ್ಲಿ ಪ್ರಕಟಿಸಿದ, ಕ್ಯಾಸ್9 ಬಗೆಯ ಪ್ರೋಟೀನನ್ನೇ ಗ್ರಾಫೀನ್ ಟ್ರಾನ್ಸಿಸ್ಟರಿನ ಮೇಲೆ ಕೂರಿಸಿದ ಕ್ರಿಸ್ಪರ್ ಚಿಪ್, ಡಿಎನ್‌ಎಯನ್ನು ಹೆಚ್ಚಿಸದೆಯೇ 1.7 ಫೆಮ್ಟೊಮೋಲಾರ್ ಮಟ್ಟದವರೆಗೆ ಗುರುತಿಸಿತ್ತು. 2021ರಲ್ಲಿ ಅದೇ ಬಗೆಯ ಚಿಪ್ ಸಿಕಲ್ ಸೆಲ್‌ನ ಒಂದಕ್ಷರದ ವ್ಯತ್ಯಾಸವನ್ನೂ ಗುರುತಿಸಿತು. ಹುಡುಕುವ ವಸ್ತುವಿಗೆ ಇಲ್ಲಿ ಬರವಿಲ್ಲ. ಶುದ್ಧೀಕರಣದಲ್ಲಿ ಒಂದಿಷ್ಟು ಕಳೆದುಹೋದರೂ ಕೆಲಸ ನಡೆಯುತ್ತದೆ. ಅಡ್ಡಿ ಬೇರೆಡೆ ಇದೆ. ಈ ಚಿಪ್ ಗುರುತಿಸುವುದು ಡಿಎನ್‌ಎಯ ವಿದ್ಯುದಾವೇಶವನ್ನು. ಆದರೆ ರಕ್ತದಷ್ಟು ಉಪ್ಪಿರುವ ದ್ರವದಲ್ಲಿ ಆ ಆವೇಶದ ಪ್ರಭಾವ ಒಂದು ನ್ಯಾನೊಮೀಟರಿನೊಳಗೇ ಅಡಗಿಹೋಗುತ್ತದೆ, ಡಿಎನ್‌ಎಯ ಎಳೆಯೇ ಎರಡು ನ್ಯಾನೊಮೀಟರ್ ದಪ್ಪ. ದ್ರವವನ್ನು ತೆಳುವಾಗಿಸದೆ ಚಿಪ್‌ಗೆ ಹೆಚ್ಚೇನೂ ಗೊತ್ತಾಗದು.

ಹಾಗಾದರೆ ಸಂವೇದಕವನ್ನು ಯಾವುದರಿಂದ ಅಳೆಯಬೇಕು? ಒಂದು ಸಹಜ, ಒಂದು ಬದಲಾದ ಜೀನಿರುವ ವಾಹಕರನ್ನೂ ರೋಗಿಗಳನ್ನೂ ಬೇರ್ಪಡಿಸುವ ಶಕ್ತಿಯಿಂದ. ಈಗ ಹಳ್ಳಿಗಳಲ್ಲಿ ಬಳಸುವ ಸಾಲ್ಯುಬಿಲಿಟಿ ಪರೀಕ್ಷೆಗೆ ಇದು ಆಗದು, ಆರು ತಿಂಗಳೊಳಗಿನ ಕೂಸುಗಳಲ್ಲಂತೂ ಅದನ್ನು ನಂಬುವಂತೆಯೇ ಇಲ್ಲ. ಆಗ ರಕ್ತದ ತುಂಬ ಭ್ರೂಣದ ಹಿಮೋಗ್ಲೋಬಿನ್ನೇ ಇರುತ್ತದೆ. ಜೀನಿಗೆ ಆ ತೊಡಕಿಲ್ಲ, ಹುಟ್ಟಿದ ದಿನವೂ ಅದು ಅದೇ. ರೋಗವಿರುವ ಎಳೆಗೂಸುಗಳಿಗೆ ಪೆನಿಸಿಲಿನ್ ಕೊಟ್ಟು ನ್ಯೂಮೊಕಾಕಸ್ ಸೋಂಕನ್ನು ಶೇಕಡಾ 84ರಷ್ಟು ತಗ್ಗಿಸಬಹುದೆಂದು 1986ರಲ್ಲೇ ಸಾಬೀತಾಗಿದೆ. ಆ ಮದ್ದು ತಲುಪಬೇಕಾದದ್ದು ಮೊದಲ ತಿಂಗಳುಗಳಲ್ಲಿ. ಜೀನ್ ಸಂವೇದಕದ ನಿಜವಾದ ಅಗತ್ಯ ಇರುವುದು ಇಲ್ಲೇ.

ಆದರೆ ಎಸ್ ಎಂದು ಕರೆಯುವ ಬದಲಾದ ರೂಪವನ್ನಷ್ಟೇ ಹುಡುಕುವ ಪಟ್ಟಿಯಲ್ಲಿ ವಾಹಕರಿಗೂ ಗೆರೆ ಮೂಡುತ್ತದೆ, ರೋಗಿಗಳಿಗೂ ಮೂಡುತ್ತದೆ. ಗೆರೆಯ ಗಾಢತೆಯನ್ನು ಕಣ್ಣಳತೆಯಿಂದ ನಿರ್ಧರಿಸುವುದು ಸರಿಯಲ್ಲ. ಎ ಎಂದು ಕರೆಯುವ ಸಹಜ ರೂಪವನ್ನು ಹುಡುಕುವ ಎರಡನೆಯ ಪಟ್ಟಿ ಜೊತೆಗಿರಲೇಬೇಕು.

ಎರಡು ಪಟ್ಟಿಗಳಿದ್ದರೂ ಒಂದು ಕುರುಡು ಮೂಲೆ ಉಳಿಯುತ್ತದೆ, ಅದರ ಬಗ್ಗೆ ಸಾಕಷ್ಟು ಚರ್ಚೆಯಾಗಿಲ್ಲ ಎಂಬ ಆತಂಕ ನನಗಿದೆ. ತಂದೆಯಿಂದ ಎಸ್ ಜೀನನ್ನು, ತಾಯಿಯಿಂದ ಅದೇ ಜೀನಿನ ಇನ್ನೊಂದು ದೋಷವಾದ ಬೀಟಾ ಥಲಸ್ಸೀಮಿಯಾವನ್ನು ಪಡೆದ ಮಗುವನ್ನು ನೆನೆಯಿರಿ. ಭಾರತದಲ್ಲಿ ಅತಿ ಹೆಚ್ಚಾಗಿ ಕಾಣುವ ಥಲಸ್ಸೀಮಿಯಾ ದೋಷ ಜೀನಿನ ಮೊದಲ ಇಂಟ್ರಾನ್‌ನಲ್ಲಿದೆ, ಆರನೆಯ ಸಂಕೇತದಲ್ಲಲ್ಲ. ಆದ್ದರಿಂದ ಆ ಮಗುವಿನ ರಕ್ತ ಹಾಕಿದರೆ ಎಸ್ ಪಟ್ಟಿಯಲ್ಲೂ ಗೆರೆ, ಎ ಪಟ್ಟಿಯಲ್ಲೂ ಗೆರೆ. ಸಂವೇದಕ ತಪ್ಪು ಮಾಡಿಲ್ಲ. ಕೇಳಿದ ರೂಪಗಳೆರಡೂ ಅಲ್ಲಿವೆ. ಆದರೆ ಆ ಮಗು ವಾಹಕವಲ್ಲ, ರೋಗಿ. ಎಚ್‌ಪಿಎಲ್‌ಸಿ ಯಂತ್ರ ಹಿಮೋಗ್ಲೋಬಿನ್ನನ್ನೇ ಅಳೆಯುವುದರಿಂದ ಅದಕ್ಕೆ ಇದು ತಿಳಿಯುತ್ತದೆ. ನಿಜವಾದ ವಾಹಕರಲ್ಲಿ ಎ ಪ್ರಮಾಣ ಎಸ್‌ಗಿಂತ ಹೆಚ್ಚಿರುತ್ತದೆ, ಈ ಮಗುವಿನಲ್ಲಿ ಎ ತೀರ ಕಡಿಮೆ ಅಥವಾ ಇರುವುದೇ ಇಲ್ಲ. 2023ರ ಜುಲೈ 1ರಂದು ಮಧ್ಯಪ್ರದೇಶದ ಶಹಡೋಲ್‌ನಲ್ಲಿ ಚಾಲನೆ ಪಡೆದ ಸಿಕಲ್ ಸೆಲ್ ನಿರ್ಮೂಲನೆಯ ರಾಷ್ಟ್ರೀಯ ಅಭಿಯಾನದ ಗುರಿ 17 ರಾಜ್ಯಗಳ ಏಳು ಕೋಟಿ ಜನರ ತಪಾಸಣೆ. ಆ ಪ್ರಮಾಣದಲ್ಲಿ ಇಂಥ ಮಕ್ಕಳು ವಾಹಕರೆಂಬ ಚೀಟಿಯೊಡನೆ ಮನೆಗೆ ಮರಳಿದರೆ, ರೋಗದ ಮದ್ದುಗಳಾದ ಪೆನಿಸಿಲಿನ್ನೂ ಹೈಡ್ರಾಕ್ಸಿಯೂರಿಯಾವೂ ಅವರ ಪಾಲಿಗೆ ತಪ್ಪಿಹೋಗುತ್ತವೆ.

ಹಾಗಾಗಿ ಹೊಸ ಸಂವೇದಕದ ದೃಢೀಕರಣದಲ್ಲಿ ಎಸ್-ಬೀಟಾ ಥಲಸ್ಸೀಮಿಯಾ ಇರುವವರ ರಕ್ತದ ಮಾದರಿಗಳನ್ನು ಕಡ್ಡಾಯವಾಗಿ ಸೇರಿಸಬೇಕು, ಶಿಶುಗಳಾದರೆ ಆರು ತಿಂಗಳು ದಾಟಿದ ಮೇಲೆ ಎಚ್‌ಪಿಎಲ್‌ಸಿ ಫಲಿತಾಂಶದೊಡನೆ ಮತ್ತೆ ತಾಳೆ ನೋಡಬೇಕು. ಅಲ್ಲಿಯವರೆಗೆ ಎರಡೂ ಗೆರೆ ಮೂಡಿದ ಕೂಸಿನ ಚೀಟಿಯಲ್ಲಿ ‘ವಾಹಕ’ ಎಂದು ಬರೆಯಬಾರದು. ‘ಎಸ್ ಇದೆ, ಎ ಇದೆ, ತಂದೆತಾಯಿಯ ರಕ್ತವನ್ನೂ ಪರೀಕ್ಷಿಸಿ’ ಎಂದಷ್ಟೇ ಬರೆಯಬೇಕು.